ಆಟದ ಮೇಜಿನ ಮೇಲೆ ಕೆಂಪಂಗಿಯ ದಂಡು: ಕಿರುಬೊಂಬೆಗಳ ವರ್ಣಲೇಪನವೂ ಇತಿಹಾಸಸಾಕ್ಷ್ಯವೂ

೧

ಇತಿಹಾಸದ ಆಕರಗಳೆಂದೊಡನೆ ನಮ್ಮ ನೆನಪಿಗೆ ಬರುವುವು ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರೆಹ ಮುಂತಾದುವು. ಆಟದ ಬೊಂಬೆಯನ್ನು ಈ ಸಾಲಿಗೆ ಸೇರಿಸುವವರು ವಿರಳ. ಆದರೆ ಬೆರಳುದ್ದವೂ ಇಲ್ಲದ ಲೋಹದ ಸಿಪಾಯಿಯೊಬ್ಬನನ್ನು ಕೈಗೆತ್ತಿಕೊಂಡು, ಅವನ ಅಂಗಿಗೆ ಯಾವ ಕೆಂಪು, ಮುಂಗೈಯ ಮಡಿಕೆಗೆ ಯಾವ ಬಣ್ಣ, ತಲೆಗೆ ಪೇಟವೋ ಟೋಪಿಯೋ, ಹಣೆಯಲ್ಲಿ ನಾಮವಿರಬೇಕೋ ಬೇಡವೋ ಎಂದು ಕುಂಚ ಹಿಡಿದವನು ಕೇಳಿಕೊಳ್ಳುವ ಪ್ರಶ್ನೆಗಳೆಲ್ಲವೂ ಇತಿಹಾಸದ ಪ್ರಶ್ನೆಗಳೇ ಆಗಿವೆ. ಪ್ರತಿಯೊಂದಕ್ಕೂ ಅವನು ಯಾವುದೋ ಒಂದು ಸಾಕ್ಷ್ಯವನ್ನು ನಂಬಿ ಉತ್ತರ ಹೇಳಬೇಕು. ಗ್ರಂಥ ಬರೆಯುವವನು ಸಂದೇಹವಿರುವಲ್ಲಿ 'ಬಹುಶಃ' ಎಂದು ಬರೆದು ಮುಂದೆ ಸಾಗಬಹುದು. ಬಣ್ಣ ಹಚ್ಚುವವನಿಗೆ ಆ ಅನುಕೂಲವಿಲ್ಲ. ಅವನ ಸಿಪಾಯಿಯ ಕೊರಳಪಟ್ಟಿ ಹಳದಿಯಾಗಿರಬೇಕು, ಇಲ್ಲವೆ ಹಸುರಾಗಿರಬೇಕು.

ಬ್ರಿಟಿಷ್ ಸಾಮ್ರಾಜ್ಯಕಾಲದ ಸೈನಿಕರ ಕಿರುಬೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಹಳೆಯ ಕದನಗಳನ್ನು ಹೂಡಿ ಆಡುವ ವಿನೋದವು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಆ ಕದನಗಳಲ್ಲಿ ಹಲವು ನಡೆದುದು ನಮ್ಮ ನಾಡಿನಲ್ಲಿ. ಆ ಬಣ್ಣಗಳಲ್ಲಿ ಒಂದರ ಕಥೆಗೆ ಮಂಗಳೂರಿನ ನಂಟು ಉಂಟು. ಆದುದರಿಂದ ಈ ವಿನೋದದ ಬೆಳವಣಿಗೆಯನ್ನು ಸ್ಥೂಲವಾಗಿ ನಿರೂಪಿಸಿ, ಅದರಲ್ಲಿ ಬಳಕೆಯಾಗುವ ಬಣ್ಣಗಳ ಹಿಂದಿರುವ ಚಾರಿತ್ರಿಕ ಸಂಗತಿಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಯುದ್ಧವನ್ನು ಮೇಜಿನ ಮೇಲೆ ಆಡುವ ಪದ್ಧತಿಯು ಮೊದಲು ಶಾಸ್ತ್ರೀಯ ರೂಪವನ್ನು ಪಡೆದುದು ಪ್ರಷ್ಯಾದಲ್ಲಿ. ಹಿರಿಯ ರೈಸ್‌ವಿಟ್ಸ್ ಎಂಬಾತನು ೧೮೧೨ರಲ್ಲಿ ಅಲ್ಲಿಯ ದೊರೆಗೆ ಇಂತಹದೊಂದು ಮೇಜನ್ನು ಸಮರ್ಪಿಸಿದನು. ಸೇನಾಧಿಕಾರಿಯಾಗಿದ್ದ ಅವನ ಮಗನು ೧೮೨೪ರಲ್ಲಿ ನಿಯಮಗಳನ್ನು ಪರಿಷ್ಕರಿಸಿ ಪ್ರಕಟಿಸಿದನು. ಅಲ್ಲಿಂದ ಮುಂದೆ ಅದು ಅಧಿಕಾರಿಗಳ ಶಿಕ್ಷಣದ ಸಾಧನವಾಯಿತು. ಆ ಆಟದಲ್ಲಿ ಸೈನಿಕರ ಆಕೃತಿಗಳಿರಲಿಲ್ಲ. ನಕ್ಷೆಯ ಮೇಲೆ ಸರಿಸುವ ಸಣ್ಣ ತುಂಡುಗಳಿದ್ದವು. ಒಂದು ಪಕ್ಷಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ಬಣ್ಣವು ಅಲ್ಲಿ ಪಕ್ಷವನ್ನು ಗುರುತಿಸುವ ಸಂಕೇತ ಮಾತ್ರವಾಗಿದ್ದಿತು.

ಇದಕ್ಕೆ ಪ್ರತ್ಯೇಕವಾಗಿ ಜರ್ಮನಿಯ ನ್ಯೂರೆಂಬರ್ಗ್ ಮೊದಲಾದ ಊರುಗಳಲ್ಲಿ ತವರದ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ದು ಮಕ್ಕಳಿಗಾಗಿ ಮಾರುವ ಕಸಬು ಹದಿನೆಂಟನೆಯ ಶತಮಾನದಲ್ಲಿಯೇ ನೆಲೆಗೊಂಡಿದ್ದಿತು. ಕಿರುಬೊಂಬೆಯನ್ನು ಇತಿಹಾಸದ ಪ್ರಮಾಣವಾಗಿ ಬಳಸಿದ ಮಹತ್ತ್ವದ ಪ್ರಯತ್ನವು ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಸೇನಾಧಿಕಾರಿಯದು. ವಾಟರ್‌ಲೂ ರಣರಂಗದ ಮಾದರಿಯೊಂದನ್ನು ನಿರ್ಮಿಸುವ ಕಾರ್ಯವನ್ನು ೧೮೩೦ರಲ್ಲಿ ಕೈಕೊಂಡ ಆತನು, ಕದನದಲ್ಲಿ ಭಾಗವಹಿಸಿ ಬದುಕುಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು, ನಿಶ್ಚಿತವಾದ ವೇಳೆಯಲ್ಲಿ ಅವರವರ ಪಡೆ ಎಲ್ಲಿತ್ತು, ಯಾವ ವ್ಯೂಹದಲ್ಲಿತ್ತು, ಹೊಲದಲ್ಲಿ ಯಾವ ಪೈರಿತ್ತು ಎಂದು ವಿಚಾರಿಸಿದನು. ಎಪ್ಪತ್ತು ಸಾವಿರಕ್ಕೂ ಮಿಕ್ಕ ಅತಿ ಸಣ್ಣ ಬೊಂಬೆಗಳನ್ನೊಳಗೊಂಡ ಆ ಮಾದರಿಯು ೧೮೩೮ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ಪ್ರಷ್ಯದ ಸೈನ್ಯಕ್ಕೆ ಕೊಟ್ಟಿದ್ದ ಸ್ಥಾನವು ವೆಲಿಂಗ್ಟನ್ ಡ್ಯೂಕನಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಸೈಬೋರ್ನನು ಬಹುಸಂಖ್ಯೆಯ ಪ್ರಷ್ಯದ ಬೊಂಬೆಗಳನ್ನು ಮಾದರಿಯಿಂದ ತೆಗೆದುಹಾಕಿದನು. ಬೊಂಬೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗೆಲುವಿನ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯಾಗಿ ಪರಿಣಮಿಸಿದುದಕ್ಕೆ ಇದು ಒಳ್ಳೆಯ ನಿದರ್ಶನ. ಈ ಡ್ಯೂಕನೇ ಹಿಂದೆ ಕರ್ನಲ್ ವೆಲ್ಲೆಸ್ಲಿಯಾಗಿ ಶ್ರೀರಂಗಪಟ್ಟಣದಲ್ಲಿ ಆಡಳಿತ ನಡೆಸಿದವನು.

ಇಂಗ್ಲೆಂಡಿನಲ್ಲಿ ಬೊಂಬೆಯ ಸಿಪಾಯಿಯು ಮನೆಮನೆಯನ್ನು ಹೊಕ್ಕುದು ೧೮೯೩ರಿಂದ ಈಚೆಗೆ. ಆ ವರ್ಷ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬ ತಯಾರಕನು ಒಳಗೆ ಪೊಳ್ಳಾಗಿರುವಂತೆ ಸೀಸದ ಬೊಂಬೆಯನ್ನು ಎರಕ ಹೊಯ್ಯುವ ವಿಧಾನವನ್ನು ಕಂಡುಕೊಂಡನು. ಲೋಹದ ಉಳಿತಾಯದಿಂದ ಬೆಲೆ ಇಳಿಯಿತು. ಜರ್ಮನಿಯ ಸರಕು ಹಿಂದೆಬಿದ್ದಿತು. ೫೪ ಮಿಲಿಮೀಟರ್ ಎತ್ತರದ ಈ ಬೊಂಬೆಗಳಿಗೆ ಕೈಯಿಂದಲೇ ಬಣ್ಣ ಹಚ್ಚಲಾಗುತ್ತಿದ್ದು, ಆ ಕೆಲಸದ ಬಹುಭಾಗವನ್ನು ನಿರ್ವಹಿಸಿದವರು ಹೆಂಗಸರು. ಎಚ್. ಜಿ. ವೆಲ್ಸನು ೧೯೧೩ರಲ್ಲಿ ಪ್ರಕಟಿಸಿದ 'ಲಿಟ್ಲ್ ವಾರ್ಸ್' ಎಂಬ ಪುಸ್ತಕದಲ್ಲಿ ಇಂತಹ ಬೊಂಬೆಗಳಿಂದ ನೆಲದ ಮೇಲೆ ಆಡಬಹುದಾದ ಯುದ್ಧಕ್ಕೆ ನಿಯಮಗಳನ್ನು ರಚಿಸಿದನು. ದೊಡ್ಡ ಯುದ್ಧಕ್ಕಿಂತ ಈ ಚಿಕ್ಕ ಯುದ್ಧವೇ ಲೇಸೆಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧವು ಆರಂಭವಾಯಿತು. ವೆಲ್ಸನ ಆಟದಲ್ಲಿಯೂ ಸೈನ್ಯಗಳು ಕೆಂಪು, ನೀಲಿ ಎಂದೇ ಹೆಸರಾಗಿದ್ದುವು.

ಬಣ್ಣವು ಸಂಕೇತದ ಸ್ಥಾನವನ್ನು ಬಿಟ್ಟು ಪ್ರಮಾಣದ ಸ್ಥಾನಕ್ಕೆ ಏರಿದುದು ಎರಡನೆಯ ಮಹಾಯುದ್ಧದ ತರುವಾಯ. ಬೊಂಬೆಗಳು ಚಿಕ್ಕವಾದುವು, ೧೯೫೯ರಿಂದ ಏರ್‌ಫಿಕ್ಸ್ ಸಂಸ್ಥೆಯ ಅಗ್ಗದ ಪ್ಲಾಸ್ಟಿಕ್ ಸಿಪಾಯಿಗಳು ಬಂದುವು, ೧೯೬೨ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನನ 'ವಾರ್ ಗೇಮ್ಸ್' ಎಂಬ ಪುಸ್ತಕ ಹೊರಬಿದ್ದಿತು. ಬಣ್ಣವಿಲ್ಲದೆ ಬಂದ ಬೊಂಬೆಗೆ ಆಟಗಾರನೇ ಬಣ್ಣ ಹಚ್ಚಬೇಕಾಗಿ ಬಂದಾಗ, ಅವನು ಪುಸ್ತಕ ಭಂಡಾರಗಳಿಗೂ ವಸ್ತುಸಂಗ್ರಹಾಲಯಗಳಿಗೂ ಅಲೆಯತೊಡಗಿದನು.

೩

ಬ್ರಿಟಿಷ್ ಸಿಪಾಯಿಯ ಕೆಂಪಂಗಿಯು ೧೬೪೫ರಲ್ಲಿ ಪಾರ್ಲಿಮೆಂಟಿನ ಹೊಸ ಸೈನ್ಯದೊಡನೆ ಸ್ಥಿರಪಟ್ಟಿತು. ಆದರೆ 'ಕೆಂಪು' ಎಂಬ ಒಂದೇ ಶಬ್ದದಲ್ಲಿ ಎರಡು ಬಣ್ಣಗಳು ಅಡಗಿದ್ದುವೆಂಬುದನ್ನು ಗಮನಿಸಬೇಕು. ಸಾಮಾನ್ಯ ಸಿಪಾಯಿಯ ಉಣ್ಣೆಯಂಗಿಗೆ ಮ್ಯಾಡರ್ ಎಂಬ ಬೇರಿನ ಬಣ್ಣ; ಇದು ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಗಿಡ. ಅಧಿಕಾರಿಯ ಅಂಗಿಗೆ ಕಾಚಿನೀಲ್ ಎಂಬ ಕೀಟದಿಂದ ಪಡೆದ, ಬೆಲೆಯುಳ್ಳ ಉಜ್ಜ್ವಲ ರಕ್ತವರ್ಣ. ಮೊದಲನೆಯದು ತುಸು ಮಬ್ಬು. ಬಿಸಿಲುಮಳೆಗಳಿಗೆ ಸಿಕ್ಕಿ ಇಟ್ಟಿಗೆಯ ಛಾಯೆಗೆ ತಿರುಗುವಂತಹದು. ಎರಡನೆಯದು ದೂರದಿಂದಲೇ ಕಣ್ಣಿಗೆ ಹೊಡೆಯುವಂತಹದು. ಅಧಿಕಾರಿಗೂ ಸಾಮಾನ್ಯನಿಗೂ ಇದ್ದ ಅಂತರವು ಬಟ್ಟೆಯಲ್ಲಿಯೇ ಕಾಣುತ್ತಿದ್ದಿತು. ಸಾಮಾನ್ಯ ಸಿಪಾಯಿಗಳಿಗೂ ಉಜ್ಜ್ವಲ ವರ್ಣದ ಅಂಗಿ ದೊರೆತುದು ೧೮೭೦ರ ದಶಕದಲ್ಲಿ. ಮ್ಯಾಡರಿನ ವರ್ಣದ್ರವ್ಯವನ್ನು ೧೮೬೮ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳು ಕೃತಕವಾಗಿ ತಯಾರಿಸಿದ ಮೇಲೆ ಆ ಬೇರಿನ ವ್ಯವಸಾಯವೇ ಕುಸಿದುಹೋಯಿತು. ಕಾಚಿನೀಲಿಗಾಗಿ ಸ್ಪೇನಿನ ವಸಾಹತುಗಳನ್ನು ಅವಲಂಬಿಸಬೇಕಾಗಿದ್ದುದರಿಂದ, ಆ ಕೀಟವನ್ನು ಮದರಾಸಿನಲ್ಲಿ ಸಾಕುವ ಪ್ರಯತ್ನವನ್ನು ಜೇಮ್ಸ್ ಆಂಡರ್ಸನ್ ಎಂಬ ಕಂಪನಿಯ ವೈದ್ಯನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಡೆಸಿದನೆಂಬುದೂ ಇಲ್ಲಿ ಸ್ಮರಣೀಯ.

ಬಣ್ಣ ಹಚ್ಚುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಎರಕದ ಅಂಚುಗಳನ್ನು ಅರದಿಂದ ಉಜ್ಜಿ, ಬೊಂಬೆಯನ್ನು ತೊಳೆದು ಒಣಗಿಸಿ, ಮೊದಲು ಕಪ್ಪು ಅಥವಾ ಬೂದು ತಳಬಣ್ಣವನ್ನು ಕೊಡುವರು. ಅದರ ಮೇಲೆ ಅಂಗಿಗೆ ಕಂದುಗೆಂಪು. ಮಡಿಕೆಗಳ ಆಳವನ್ನು ಹಾಗೆಯೇ ಬಿಟ್ಟು ಉಳಿದೆಡೆ ಶುದ್ಧ ಕೆಂಪು. ಉಬ್ಬಿದ ಭಾಗಗಳಿಗೆ ಕಿತ್ತಳೆ ಬೆರೆಸಿದ ಕೆಂಪು. ಕೆಂಪಿಗೆ ಬಿಳಿಯನ್ನು ಬೆರೆಸಿದರೆ ಅದು ಗುಲಾಬಿಯಾಗಿ ಸಿಪಾಯಿಯು ನಗೆಪಾಟಲಾಗುವನು. ಎದೆಯ ಮೇಲೆ ಅಡ್ಡ ಹಾಯುವ ಚರ್ಮದ ಪಟ್ಟಿಗಳಿಗೆ ಮೊದಲು ಬೂದು, ಆಮೇಲೆ ಬಿಳಿ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ೨೮ ಮಿಲಿಮೀಟರಿನ ಬೊಂಬೆಯು ಸುಮಾರು ಅರುವತ್ತರಲ್ಲಿ ಒಂದು ಪಾಲಿನ ಪ್ರಮಾಣದ್ದು. ಅದನ್ನು ೬೦ ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಮನುಷ್ಯನನ್ನು ೩೬ ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ಬಣ್ಣಗಳು ತಿಳಿಯಾಗಿಯೂ ಮಂದವಾಗಿಯೂ ತೋರುವುವು. ಆದುದರಿಂದ ವಸ್ತುಸಂಗ್ರಹಾಲಯದಲ್ಲಿರುವ ಅಂಗಿಯ ಬಣ್ಣವನ್ನೇ ಯಥಾವತ್ತಾಗಿ ಬೊಂಬೆಗೆ ಹಚ್ಚಿದರೆ ಅದು ಕಣ್ಣಿಗೆ ತಪ್ಪಾಗಿಯೇ ಕಾಣುವುದು. ಸತ್ಯವನ್ನು ತೋರಿಸಲು ಸಾಕ್ಷ್ಯವನ್ನು ಸ್ವಲ್ಪ ಮಾರ್ಪಡಿಸಬೇಕಾದ ಈ ಇಕ್ಕಟ್ಟು ಇತಿಹಾಸಕಾರನಿಗೂ ಅಪರಿಚಿತವಲ್ಲ.

೪

ಕೆಂಪಂಗಿಗಳಲ್ಲಿ ಒಂದು ರೆಜಿಮೆಂಟನ್ನು ಇನ್ನೊಂದರಿಂದ ಬೇರ್ಪಡಿಸುತ್ತಿದ್ದುದು ಕೊರಳಪಟ್ಟಿ ಮತ್ತು ಮುಂಗೈಗಳ ಬಣ್ಣ. ಇದನ್ನು ಅನುಕೂಲಕ್ಕಾಗಿ 'ಅಂಚುಬಣ್ಣ' ಎಂದು ಕರೆಯೋಣ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹತ್ತಿದ ಸೈನ್ಯವನ್ನು ಮೇಜಿನ ಮೇಲೆ ನಿಲ್ಲಿಸಬೇಕೆಂದು ಭಾವಿಸೋಣ. ಆ ಮುತ್ತಿಗೆಯಲ್ಲಿದ್ದ ೧೨ನೆಯ ರೆಜಿಮೆಂಟಿಗೆ ಹಳದಿ, ೭೩ನೆಯದಕ್ಕೆ ಕಡುಹಸುರು. ವೆಲ್ಲೆಸ್ಲಿಯ ಸ್ವಂತ ರೆಜಿಮೆಂಟಾದ ೩೩ನೆಯದಕ್ಕೆ ಕೆಂಪಿನ ಮೇಲೆ ಕೆಂಪೇ. ಬೇರೆ ಬಣ್ಣವಿರಲೇಬೇಕೆಂದು ಊಹಿಸಿ ಕುಂಚವನ್ನು ಅದ್ದಿದವನು ಇಲ್ಲಿ ಎಡವುವನು. ಮಾತೃದೇಶದ ನಿಯಮಾವಳಿಯನ್ನು ನಂಬಿ ಎಲ್ಲರಿಗೂ ಅಲ್ಲಿಯ ಟೋಪಿಯನ್ನೇ ಇಟ್ಟರೂ ತಪ್ಪು. ಭಾರತದ ಬಿಸಿಲಿನಲ್ಲಿ ಆ ಪಡೆಗಳು ಅಂಚುಳ್ಳ ದುಂಡುಟೋಪಿಗಳನ್ನು ಧರಿಸುತ್ತಿದ್ದುವು. ನಿಯಮಾವಳಿಯು ಹೇಳುವುದು ಇರಬೇಕಾದುದನ್ನು, ಇದ್ದುದನ್ನಲ್ಲ.

ಇದೇ ಬಗೆಯ ತೊಡಕು ಇನ್ನೊಂದು ಕದನದಲ್ಲಿಯೂ ಉಂಟು. ೧೮೭೯ರ ಜನವರಿ ೨೨ರಂದು ದಕ್ಷಿಣ ಆಫ್ರಿಕದ ಇಸಾಂಡ್ಲ್ವಾನದಲ್ಲಿ ಜುಲು ಸೈನ್ಯವು ಬ್ರಿಟಿಷ್ ಪಡೆಯೊಂದನ್ನು ನಿರ್ನಾಮಗೊಳಿಸಿತು; ಅಂದೇ ಆರಂಭವಾದ ರೋರ್ಕ್ಸ್ ಡ್ರಿಫ್ಟ್‌ನ ರಕ್ಷಣೆಗಾಗಿ ೧೧ ಮಂದಿಗೆ ವಿಕ್ಟೋರಿಯ ಕ್ರಾಸ್ ದೊರೆಯಿತು. ೧೯೬೪ರ 'ಜುಲು' ಚಲನಚಿತ್ರದಿಂದ ಈ ಕದನವು ಬೊಂಬೆಯಾಟದವರಿಗೆ ಅಚ್ಚುಮೆಚ್ಚಾಯಿತು. ಅಲ್ಲಿದ್ದ ೨೪ನೆಯ ರೆಜಿಮೆಂಟಿನ ಅಂಚುಬಣ್ಣ ಹಸುರು. ೧೮೮೧ರ ಸುಧಾರಣೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ರೆಜಿಮೆಂಟುಗಳಿಗೆ ಬಿಳಿ, ಸ್ಕಾಟ್ಲೆಂಡಿನವುಗಳಿಗೆ ಹಳದಿ, ಐರ್ಲೆಂಡಿನವುಗಳಿಗೆ ಹಸುರು, ರಾಜಾಂಕಿತವುಳ್ಳವುಗಳಿಗೆ ನೀಲಿ ಎಂದು ವಿಧಿಸಲಾಯಿತು. ಎರಡೇ ವರ್ಷಗಳ ಅಂತರದಿಂದ ಹಸುರು ಬಿಳಿಯಾಯಿತು. ಬೊಂಬೆಯ ಕೊರಳು ಹೀಗೆ ಕಾಲನಿರ್ಣಯಕ್ಕೂ ಸಾಧನವಾಗಬಲ್ಲುದು. ಅವರ ಬಿಳಿಯ ಶಿರಸ್ತ್ರಾಣವನ್ನು ಚಹದ ನೀರಿನಲ್ಲಿ ಅದ್ದಿ ಮಾಸಿಸುತ್ತಿದ್ದುದರಿಂದ ಅಚ್ಚಬಿಳಿಯೂ ಅಲ್ಲಿ ಸಲ್ಲದು.

೫

ಈವರೆಗೆ ಹೇಳಿದುದೆಲ್ಲ ಯೂರೋಪಿಯನ್ ಸಿಪಾಯಿಯ ವಿಚಾರ. ಆದರೆ ಭಾರತದಲ್ಲಿ ಕಂಪನಿಯ ಯುದ್ಧಗಳನ್ನು ಮಾಡಿದವರಲ್ಲಿ ಬಹುಪಾಲು ಭಾರತೀಯರೇ. ೧೭೫೭ರಲ್ಲಿ ಪ್ಲಾಸಿಯಲ್ಲಿ ಕ್ಲೈವನಿಗಿದ್ದ ಸುಮಾರು ೩,೦೦೦ ಜನರಲ್ಲಿ ಸಿಪಾಯಿಗಳು ಸುಮಾರು ೨,೧೦೦. ೧೭೮೦ರ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನಿಂದ ಸೋತ ಕರ್ನಲ್ ಬೈಲಿಯ ಪಡೆಯಲ್ಲಿಯೂ ಯೂರೋಪಿಯನ್ನರು ಅಲ್ಪಸಂಖ್ಯಾತರು. ೧೮೦೩ರಲ್ಲಿ ಅಸ್ಸಾಯೆಯ ಕದನಕ್ಕೆ ವೆಲ್ಲೆಸ್ಲಿಯೊಡನೆ ಮೈಸೂರಿನ ಕುದುರೆಸವಾರರೂ ಹೋಗಿದ್ದರು. ಮಾರಾಟದ ಪೆಟ್ಟಿಗೆಗಳನ್ನು ನೋಡಿದರೆ ಈ ಪ್ರಮಾಣವು ತಿರುಗುಮುರುಗಾಗಿ ಕಾಣುವುದು. ಬಂಗಾಳ ಮತ್ತು ಮದರಾಸಿನ ಭಾರತೀಯ ಅಶ್ವಾರೋಹಿಗಳ ಬೊಂಬೆಗಳನ್ನು ಬ್ರಿಟನ್ ಸಂಸ್ಥೆಯು ಮೊದಲ ದಶಕದಲ್ಲಿಯೇ ಹೊರಡಿಸಿತಾದರೂ, ಅವು ಪೆಟ್ಟಿಗೆಗೆ ಶೋಭೆ ತರುವ ವಿಶೇಷಗಳಾಗಿದ್ದುವೇ ಹೊರತು ಸೈನ್ಯದ ಮೈಯಾಗಿರಲಿಲ್ಲ.

ಮದರಾಸಿನ ಸಿಪಾಯಿಗೆ ಬಣ್ಣ ಹಚ್ಚುವುದು ಸುಲಭದ ಕೆಲಸವಲ್ಲ. ೧೭೮೦-೧೮೦೦ರ ನಡುವೆ ಅವನ ಉಡುಪು ಗಿಡ್ಡನೆಯ ಕೆಂಪಂಗಿ, ತೊಡೆಯ ನಡುವಿನವರೆಗಿನ ಬಿಳಿಯ ಚಡ್ಡಿ, ಬರಿಗಾಲು ಅಥವಾ ಚಪ್ಪಲಿ, ನೀಲಿಯ ಪೇಟ. ಸೊಂಟದಿಂದ ಮೇಲೆ ಇಂಗ್ಲೆಂಡ್, ಕೆಳಗೆ ನಮ್ಮ ದೇಶ. ಹಣೆಯ ಗುರುತು, ಕಿವಿಯ ಒಂಟಿ, ಗಡ್ಡ, ಮೀಸೆ ಇವು ಅವನವನ ಕುಲಾಚಾರಕ್ಕೆ ಬಿಟ್ಟವು. ಬಣ್ಣ ಹಚ್ಚುವವರಲ್ಲಿ ಹಲವರು ಇವನ್ನೆಲ್ಲ ಬಿಟ್ಟು, ಎಲ್ಲರ ಮುಖಕ್ಕೂ ಒಂದೇ ಕಂದುಬಣ್ಣವನ್ನು ಬಳಿದು ಕೈತೊಳೆದುಕೊಳ್ಳುವರು. ಹೀಗೆ ಬಿಡುವುದು ಎಂತಹ ಲೋಪವೆಂಬುದನ್ನು ೧೮೦೬ರ ವೆಲ್ಲೂರಿನ ದಂಗೆಯು ತಿಳಿಸುತ್ತದೆ.

ಮದರಾಸಿನ ಸೇನಾಧಿಪತಿಯಾಗಿದ್ದ ಸರ್ ಜಾನ್ ಕ್ರಾಡಕನ ಕಾಲದಲ್ಲಿ ಸಿಪಾಯಿಗಳಿಗೆ ಹೊಸ ರೀತಿಯ ಪೇಟವನ್ನು ವಿಧಿಸಲಾಯಿತು. ಅದು ಯೂರೋಪಿಯನ್ನರ ಟೋಪಿಯನ್ನು ಹೋಲುತ್ತಿತ್ತು. ಅದರಲ್ಲಿ ತೊಗಲಿನ ಅಲಂಕಾರವೂ ಸೇರಿತ್ತು. ಜೊತೆಗೆ ಹಣೆಯ ಗುರುತುಗಳನ್ನೂ ಕಿವಿಯ ಆಭರಣಗಳನ್ನೂ ಕವಾಯಿತಿನ ವೇಳೆ ತೆಗೆಯಬೇಕು, ಗಡ್ಡ ಬೋಳಿಸಬೇಕು, ಮೀಸೆಯನ್ನು ಒಂದೇ ಮಾದರಿಯಲ್ಲಿ ಕತ್ತರಿಸಬೇಕು ಎಂಬ ಆಜ್ಞೆ. ತಮ್ಮನ್ನು ಮತಾಂತರಗೊಳಿಸುವ ಸನ್ನಾಹವಿದೆಂದು ಹಿಂದೂ ಮುಸಲ್ಮಾನ ಸಿಪಾಯಿಗಳಿಬ್ಬರೂ ಶಂಕಿಸಿದರು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರಿನ ಕೋಟೆಯಲ್ಲಿ ಜುಲೈ ೧೦ರ ನಸುಕಿನಲ್ಲಿ ಸಿಪಾಯಿಗಳು ತಿರುಗಿಬಿದ್ದು ನೂರಕ್ಕೂ ಹೆಚ್ಚು ಯೂರೋಪಿಯನ್ನರನ್ನು ಕೊಂದರು. ಆರ್ಕಾಟಿನಿಂದ ಧಾವಿಸಿಬಂದ ಗಿಲೆಸ್ಪಿಯ ಕುದುರೆಪಡೆಯು ಅಂದೇ ಕೋಟೆಯನ್ನು ವಶಪಡಿಸಿಕೊಂಡು ನೂರಾರು ಸಿಪಾಯಿಗಳನ್ನು ಸಂಹರಿಸಿತು. ಆ ಆಜ್ಞೆಗಳು ರದ್ದಾದುವು. ಕ್ರಾಡಕನನ್ನೂ ಗವರ್ನರ್ ಬೆಂಟಿಂಕನನ್ನೂ ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಉಡುಪು ಈ ದಂಗೆಗೆ ಏಕೈಕ ಕಾರಣವಲ್ಲವೆಂದು ವಾದಿಸಬಹುದು. ತತ್‌ಕ್ಷಣದ ಕಾರಣ ಅದೇ ಎಂಬುದರಲ್ಲಿ ಸಂದೇಹವಿಲ್ಲ. ಯಾವ ಹಣೆಯ ಗೆರೆಗಾಗಿ ಅಷ್ಟು ಜನ ಪ್ರಾಣವನ್ನು ಕೊಟ್ಟರೋ ಆ ಗೆರೆಯನ್ನು ಒಂದು ಕೂದಲಿನ ಕುಂಚದಿಂದ ಎಳೆಯುವುದು ಬೊಂಬೆಗಾರನಿಗೆ ನಿಮಿಷದ ಕೆಲಸ. ಅದನ್ನು ಎಳೆದರೆ ಅವನ ಸಿಪಾಯಿಯು ಒಬ್ಬ ಮನುಷ್ಯನಾಗುವನು. ಎಳೆಯದಿದ್ದರೆ ಕ್ರಾಡಕನ ಆಜ್ಞೆಯೇ ಮೇಜಿನ ಮೇಲೆ ಜಾರಿಗೆ ಬಂದಂತಾಯಿತು.

೬

ಕೆಂಪಿನ ಸ್ಥಾನವನ್ನು ಆಕ್ರಮಿಸಿದ ಖಾಕಿಯು ನಮ್ಮ ದೇಶದಲ್ಲಿ ಹುಟ್ಟಿದ ಬಣ್ಣ. ಪಾರಸಿಯಲ್ಲಿ 'ಖಾಕ್' ಎಂದರೆ ಧೂಳು. ೧೮೪೬ರಲ್ಲಿ ಪೆಷಾವರದಲ್ಲಿ ಹ್ಯಾರಿ ಲಂಸ್‌ಡನ್ ಕಟ್ಟಿದ ಗೈಡ್ಸ್ ಪಡೆಯು ಈ ಬಣ್ಣದ ಬಟ್ಟೆಯನ್ನು ತೊಟ್ಟಿತು. ೧೮೫೭ರ ಯುದ್ಧಕಾಲದಲ್ಲಿ ಹಲವು ಬ್ರಿಟಿಷ್ ಪಡೆಗಳು ತಮ್ಮ ಬಿಳಿಯ ಬಟ್ಟೆಗಳನ್ನು ಚಹ, ಕಾಫಿ, ಮಸಿ, ಮಣ್ಣು ಮುಂತಾಗಿ ಸಿಕ್ಕಿದುದರಲ್ಲಿ ಅದ್ದಿಕೊಂಡುವು. ಆದಕಾರಣ ಆ ವರ್ಷದ ಖಾಕಿ ಎಂಬುದು ಒಂದು ಬಣ್ಣವಲ್ಲ. ಬೂದಿನಿಂದ ಕಂದಿನವರೆಗಿನ ಒಂದು ಬಳಗ. ಒಂದೇ ಶೀಷೆಯ ಬಣ್ಣದಿಂದ ಆ ಪಡೆಯನ್ನೆಲ್ಲ ಬಳಿಯುವುದು ಸಾಧುವಲ್ಲ.

ಖಾಕಿ ಬಣ್ಣವನ್ನು ಕಂಡುಹಿಡಿದವನು ೧೮೫೧ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ನೇಯ್ಗೆಯ ನಿಪುಣ ಹಾಲರನೆಂಬ ಹೇಳಿಕೆಯು ದಕ್ಷಿಣ ಕನ್ನಡದಲ್ಲಿ ಪ್ರಚಾರದಲ್ಲಿದೆ. ಲಾರ್ಡ್ ರಾಬರ್ಟ್ಸನು ಆ ಮಗ್ಗದ ಕಾರ್ಖಾನೆಯನ್ನು ನೋಡಿ ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದನೆಂದೂ ಹೇಳುವರು. ಈ ಎರಡು ಹೇಳಿಕೆಗಳಿಗೆ ವಿರೋಧವಿದ್ದಂತೆ ತೋರಿದರೂ ಸ್ವಲ್ಪ ವಿಚಾರಿಸಿದರೆ ಅದು ಪರಿಹಾರವಾಗುತ್ತದೆ. ಲಂಸ್‌ಡನ್ನನದು ಧೂಳಿನ ಬಣ್ಣದ ಉಡುಪನ್ನು ರಣದಲ್ಲಿ ಬಳಸುವ ಕಲ್ಪನೆ. ಹಾಲರನಿಗೆ ಸಲ್ಲಿಸುವ ಕೀರ್ತಿ ಬಟ್ಟೆಗೆ ಬಣ್ಣ ಕಟ್ಟುವ ವಿಧಾನಕ್ಕೆ ಸಂಬಂಧಿಸಿದುದು. ಕಲ್ಪನೆಗೂ ವರ್ಣಕ್ಕೂ ನಡುವೆ ಇರುವ ಅಂತರವನ್ನು ಮರೆತವರೇ ಒಬ್ಬನನ್ನು ಎತ್ತಲು ಇನ್ನೊಬ್ಬನನ್ನು ಇಳಿಸುವರು. ಒಗೆದರೆ ಹೋಗದ ಖನಿಜವರ್ಣದ ಖಾಕಿಗೆ ೧೮೮೪ರಲ್ಲಿ ಲ್ಯಾಂಕಷೈರಿನ ಗ್ಯಾಟಿ ಎಂಬಾತನು ಹಕ್ಕುಪತ್ರ ಪಡೆದನೆಂಬುದನ್ನೂ ಇದರೊಡನೆ ಇಟ್ಟು ನೋಡಬೇಕು.

೧೮೮೫ರಲ್ಲಿ ಭಾರತದ ಸೈನ್ಯವು ಖಾಕಿಯನ್ನು ಸ್ವೀಕರಿಸಿತು. ಅದೇ ವರ್ಷದ ಡಿಸೆಂಬರ್ ೩೦ರಂದು ಸೂಡಾನಿನ ಗಿನ್ನಿಸ್ ಎಂಬಲ್ಲಿ ನಡೆದುದನ್ನು ಬ್ರಿಟಿಷ್ ಪದಾತಿಗಳು ಕೆಂಪಂಗಿ ತೊಟ್ಟು ಹೋರಿದ ಕೊನೆಯ ಕದನವೆಂದು ಸಾಮಾನ್ಯವಾಗಿ ಎಣಿಸುವರು. ೧೯೦೨ರಲ್ಲಿ ಸ್ವದೇಶದಲ್ಲಿಯೂ ಖಾಕಿಯ ಉಡುಪು ಬಂದಿತು. ಇಲ್ಲಿ ಒಂದು ಅಂಶ ವಿಚಾರಾರ್ಹವಾಗಿದೆ. ಬ್ರಿಟನ್ನನ ಬೊಂಬೆಗಳು ಹುಟ್ಟಿದುದು ೧೮೯೩ರಲ್ಲಿ. ಎಂದರೆ ಕೆಂಪು ರಣರಂಗವನ್ನು ಬಿಟ್ಟ ಎಂಟು ವರ್ಷಗಳ ತರುವಾಯ. ಇಂಗ್ಲಿಷ್ ಮಕ್ಕಳ ಕೈಯಲ್ಲಿ ಮಿನುಗಿದ ಕೆಂಪು ಸಿಪಾಯಿಯು ಯುದ್ಧದ ಸಿಪಾಯಿಯಲ್ಲ, ಮೆರವಣಿಗೆಯ ಸಿಪಾಯಿ. ಸಾಮ್ರಾಜ್ಯವು ತನ್ನನ್ನು ಹೇಗೆ ಕಾಣಲು ಬಯಸಿತೆಂಬುದಕ್ಕೆ ಅದು ಸಾಕ್ಷಿಯೇ ಹೊರತು, ಅದು ಹೇಗಿತ್ತೆಂಬುದಕ್ಕಲ್ಲ.

೭

ಇಂಗ್ಲಿಷರು ಮಾತ್ರವೇ ಕೆಂಪಂಗಿಗೆ ಬಣ್ಣ ಹಚ್ಚಿದವರಲ್ಲ. ೧೭೮೪ರಲ್ಲಿ ಟಿಪ್ಪುವು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತಿನ ಗೋಡೆಯ ಮೇಲೆ ಪೊಳ್ಳಿಲೂರಿನ ಕದನವು ಚಿತ್ರಿತವಾಗಿದೆ. ಪಲ್ಲಕ್ಕಿಯಲ್ಲಿ ಬೈಲಿ, ಅವನ ಸುತ್ತ ಚೌಕವಾಗಿ ನಿಂತ ಕೆಂಪಂಗಿಯ ಸಾಲು, ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಸಾಲಿನ ಸಿಪಾಯಿಗಳೆಲ್ಲರೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಗಡ್ಡಮೀಸೆಗಳಿಲ್ಲದ ಒಂದೇ ಮುಖದವರು. ಮೈಸೂರಿನ ಸರದಾರರಿಗಾದರೋ ಬೇರೆ ಬೇರೆ ಗಾಂಭೀರ್ಯ, ಬೇರೆ ಬೇರೆ ಉಡುಪು. ಲಂಡನ್ನಿನ ಬೊಂಬೆಯ ಪೆಟ್ಟಿಗೆಯು ಭಾರತೀಯನಿಗೆ ಮಾಡಿದುದನ್ನು ಮೈಸೂರಿನ ಚಿತ್ರಕಾರನು ಒಂದು ಶತಮಾನ ಮುಂಚೆಯೇ ಇಂಗ್ಲಿಷನಿಗೆ ಮಾಡಿದ್ದನು. ಆದರೂ ಈ ಚಿತ್ರವನ್ನು ೧೭೮೦ರ ಉಡುಪಿಗೆ ನೇರವಾದ ಪ್ರಮಾಣವೆಂದು ಹಿಡಿಯಲಾಗದು. ವೆಲ್ಲೆಸ್ಲಿಯು ಇಲ್ಲಿ ವಾಸವಾಗಿದ್ದಾಗ ಒಮ್ಮೆ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಇದನ್ನು ಹೊಸದಾಗಿ ಬರೆಯಿಸಲಾಯಿತು. ಸೋತ ಕದನದ ಚಿತ್ರವನ್ನು ಸೋತವರೇ ಜೀರ್ಣೋದ್ಧಾರ ಮಾಡಿಸಿದ ಪ್ರಸಂಗ ಇದು. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ೧೭೮೪ರವರೆಗೆ ಬಂಧನದಲ್ಲಿದ್ದ ಡೇವಿಡ್ ಬೇರ್ಡನೇ ೧೭೯೯ರ ಲಗ್ಗೆಯ ನಾಯಕನಾದನೆಂಬುದನ್ನು ನೆನೆದರೆ ಆ ಗೋಡೆಯ ಅರ್ಥವು ಇನ್ನಷ್ಟು ಗಾಢವಾಗುವುದು.

ಟಿಪ್ಪುವಿನ ಮರದ ಹುಲಿಯೂ ಈ ವರ್ಗಕ್ಕೇ ಸೇರಿದುದು. ನೆಲಕ್ಕೊರಗಿದ ಯೂರೋಪಿಯನ್ನನ ಮೇಲೆ ಎರಗಿರುವ ಈ ಯಂತ್ರದ ಹುಲಿಯು ೧೭೯೯ರಲ್ಲಿ ಕೊಳ್ಳೆಯಾಗಿ ಲಂಡನ್ನಿಗೆ ಹೋಯಿತು. ಈಗ ಅಲ್ಲಿಯ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕೆಳಗೆ ಬಿದ್ದಿರುವವನಿಗೆ ಕೆಂಪಂಗಿ, ಕಪ್ಪು ದುಂಡುಟೋಪಿ. ಮೇಲೆ ಹೇಳಿದ, ಮಾತೃದೇಶದ ನಿಯಮಾವಳಿಯಲ್ಲಿಲ್ಲದ ದುಂಡುಟೋಪಿಯನ್ನು ಮೈಸೂರಿನ ಕುಶಲಕರ್ಮಿಯು ಕಣ್ಣಾರೆ ಕಂಡು ಕೆತ್ತಿರಬೇಕು.

೮

ಇಷ್ಟರಿಂದ ಸಿದ್ಧವಾಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು: ಯುದ್ಧದಾಟದಲ್ಲಿ ಬಣ್ಣವು ಮೊದಲು ಪಕ್ಷದ ಸಂಕೇತವಾಗಿದ್ದು, ಕ್ರಮೇಣ ಚಾರಿತ್ರಿಕ ಪ್ರಮಾಣವನ್ನು ಅಪೇಕ್ಷಿಸುವ ವಿಷಯವಾಯಿತು. ಎರಡು: ನಿಯಮಾವಳಿ, ಉಳಿದುಬಂದ ಬಟ್ಟೆ, ಚಿತ್ರ ಈ ಮೂರೂ ಒಂದನ್ನೊಂದು ತಿದ್ದುವುವು, ಒಂದನ್ನೇ ನೆಚ್ಚಿದವನು ದಾರಿತಪ್ಪುವನು. ಮೂರು: ಯಾರನ್ನು ಎಷ್ಟು ಸೂಕ್ಷ್ಮವಾಗಿ ಚಿತ್ರಿಸುವೆವೆಂಬುದರಲ್ಲಿಯೇ ಯಾರನ್ನು ಮನುಷ್ಯರೆಂದು ಎಣಿಸುವೆವೆಂಬುದು ಅಡಗಿದೆ. ಸಾಮ್ರಾಜ್ಯದ ಯುದ್ಧಗಳನ್ನು ಆಟವಾಗಿ ಆಡುವುದು ಯುಕ್ತವೇ ಎಂಬ ಆಕ್ಷೇಪಣೆಗೆ ಅರ್ಥವಿಲ್ಲದೆ ಇಲ್ಲ. ಆದರೆ ಆಡುವವನು ಕೊರಳಪಟ್ಟಿಯ ಬಣ್ಣಕ್ಕಾಗಿ ಪಡುವಷ್ಟು ಶ್ರಮವನ್ನು ಎದುರುಪಕ್ಷದ ಪೇಟಕ್ಕೂ, ತನ್ನ ಪಕ್ಷದಲ್ಲಿಯೇ ನಿಂತು ಮಡಿದ ಸಿಪಾಯಿಯ ಹಣೆಗೂ ಪಟ್ಟರೆ, ಆ ಆಕ್ಷೇಪಣೆಯ ಬಹುಭಾಗವು ತಾನಾಗಿ ತಗ್ಗುವುದು. ನಮ್ಮ ನಾಡಿನ ಸೈನಿಕರ ಉಡುಪು ತೊಡುಪುಗಳನ್ನು ಕುರಿತು ಗೋಡೆಚಿತ್ರ, ವೀರಗಲ್ಲು, ಕಡತಗಳ ಆಧಾರದಿಂದ ಕ್ರಮವಾದ ಅಧ್ಯಯನವು ಕನ್ನಡದಲ್ಲಿ ಬೆಳೆದರೆ, ಅದು ಬೊಂಬೆಗಾರನಿಗೂ ಉಪಕಾರವಾದೀತು, ಇತಿಹಾಸಕಾರನಿಗೂ ಉಪಕಾರವಾದೀತು.